ನಾಲ್ಕು ಹಳದಿ ಗೆರೆಗಳ ಮುಂದೆ

ಪೈಲಟ್ ಆಗಬೇಕು ಅಂತ ಬರುವ ಮಕ್ಕಳಿಗೆ ಮೋಡದ ಬಗ್ಗೆ, ಗಾಳಿಯ ಬಗ್ಗೆ, ಎಂಜಿನ್ ಬಗ್ಗೆ ಎಷ್ಟು ಹೇಳಿದರೂ ಸಾಲದು. ವಿಮಾನ ನಿಲ್ದಾಣದ ನೆಲದ ಮೇಲಿನ ಬಣ್ಣದ ಗೆರೆಗಳ ಪಾಠ ಬಂದಾಗ ಮಾತ್ರ ಮುಖ ಬಾಡುತ್ತದೆ. "ಮೇಡಂ, ಇದನ್ನ ಬಾಯಿಪಾಠ ಮಾಡ್ಕೊಂಡ್ರೆ ಸಾಕಲ್ವಾ?" ಅಂತ ಪ್ರತಿ ತಂಡದಲ್ಲೂ ಯಾರಾದರೊಬ್ಬರು ಕೇಳುತ್ತಾರೆ. ಸಾಲದು ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಯಾಕೆ ಸಾಲದು ಅನ್ನುವುದನ್ನು ಇವತ್ತು ಇಲ್ಲಿ ಬರೆಯುತ್ತಿದ್ದೇನೆ.

ಕುವೆಂಪುನಗರದ ನಮ್ಮ ಮನೆಯಲ್ಲಿ ನಾನು ವಿಮಾನಯಾನ ಇಲಾಖೆಯಾದ ಡಿಜಿಸಿಎ ನಡೆಸುವ ಪೈಲಟ್ ಪರೀಕ್ಷೆಗೆ ಏರ್ ರೆಗ್ಯುಲೇಷನ್ಸ್, ಅಂದರೆ ಹಾರಾಟದ ನಿಯಮಗಳ ಪಾಠ ಮಾಡುತ್ತೇನೆ. ಮೈಸೂರಿನವರ ಜೊತೆಗೆ ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆಯಿಂದಲೂ ಹುಡುಗರು, ಹುಡುಗಿಯರು ಬರುತ್ತಾರೆ. ಗೆರೆಗಳ ಪಾಠಕ್ಕೆ ಪುಸ್ತಕ ಮುಚ್ಚಿ ಎಲ್ಲರನ್ನೂ ತಾರಸಿಗೆ ಕರೆದುಕೊಂಡು ಹೋಗುತ್ತೇನೆ. ಬಿಸಿಲು ಇಳಿದ ಮೇಲೆ ಬಿಳಿ ಮತ್ತು ಹಳದಿ ಸೀಮೆಸುಣ್ಣದಲ್ಲಿ ಒಂದು ಇಡೀ ವಿಮಾನ ನಿಲ್ದಾಣ ಬರೆಯುತ್ತೇವೆ. ನೀರಿನ ಟ್ಯಾಂಕಿನ ಪಕ್ಕ ನಿಂತವರು ವಿಮಾನಗಳಿಗೆ ಅಪ್ಪಣೆ ಕೊಡುವ ಟವರ್. ಉಳಿದವರು ಒಬ್ಬೊಬ್ಬರಾಗಿ ಗೆರೆಯ ಮೇಲೆ ನಡೆಯಬೇಕು. ಪ್ರತಿ ತಿರುವಿನಲ್ಲೂ ತಾವು ಎಲ್ಲಿದ್ದೇವೆ ಅಂತ ಗಟ್ಟಿಯಾಗಿ ಹೇಳಬೇಕು. ಕಾಲಿಗೆ ಗೊತ್ತಾದ ಪಾಠ ತಲೆಯಿಂದ ಬೇಗ ಹೋಗುವುದಿಲ್ಲ ಅನ್ನುವುದು ನನ್ನ ನಂಬಿಕೆ.

ಮೊದಲು ಬಣ್ಣ. ವಿಮಾನ ಏರುವ, ಇಳಿಯುವ ರನ್‌ವೇ ಮೇಲಿನ ಗುರುತುಗಳು ಬಿಳಿ. ರನ್‌ವೇಗೆ ಹೋಗಿಬರುವ ದಾರಿಯಾದ ಟ್ಯಾಕ್ಸಿವೇ ಮತ್ತು ವಿಮಾನ ನಿಲ್ಲಿಸುವ ಜಾಗದ (ಏಪ್ರನ್) ಗುರುತುಗಳು ಹಳದಿ. ನೀವು ಹಳದಿ ಗೆರೆ ಹಿಡಿದು ಹೋಗುತ್ತಿದ್ದೀರಿ, ಆದರೆ ಮುಂದಿನ ನೆಲದ ಮೇಲೆ ದೊಡ್ಡ ದೊಡ್ಡ ಬಿಳಿ ಪಟ್ಟಿಗಳು ಕಾಣುತ್ತಿವೆ ಅಂದರೆ ಅದು ರನ್‌ವೇ. ಅಪ್ಪಣೆ ಇಲ್ಲದೆ ಅಲ್ಲಿಗೆ ಕಾಲಿಡುವ ಹಾಗಿಲ್ಲ. ಟ್ಯಾಕ್ಸಿವೇ ನಡುವಿನ ಹಳದಿ ಗೆರೆ ತುಂಡು ತುಂಡಾಗಿರದೆ ಉದ್ದಕ್ಕೂ ಓಡುತ್ತದೆ. ಮೂಗಿನ ಚಕ್ರವನ್ನು ಅದರ ಮೇಲೇ ಇಟ್ಟುಕೊಂಡು ಹೋಗಬೇಕು. ಅಂಚಿನಲ್ಲಿ ಜೋಡಿ ಹಳದಿ ಗೆರೆ ಕಂಡರೆ ಅದರ ಆಚೆಗಿನ ನೆಲ ವಿಮಾನದ ಭಾರಕ್ಕೆ ಅಂತ ಕಟ್ಟಿದ್ದಲ್ಲ. ನೋಡಲು ಅದೂ ಟಾರು ಹಾಕಿದ ಹಾಗೇ ಇರುತ್ತದೆ. ಅದಕ್ಕೇ ಆ ಗೆರೆ ಬೇಕಾಗಿದ್ದು.

ಈಗ ಮುಖ್ಯ ವಿಷಯ. ಟ್ಯಾಕ್ಸಿವೇ ರನ್‌ವೇಯನ್ನು ಸೇರುವ ಮೊದಲು ಅಡ್ಡಲಾಗಿ ನಾಲ್ಕು ಹಳದಿ ಗೆರೆಗಳಿರುತ್ತವೆ. ಎರಡು ಪೂರ್ತಿ ಗೆರೆ, ಎರಡು ತುಂಡು ತುಂಡು ಗೆರೆ. ಪೂರ್ತಿ ಗೆರೆಗಳು ಯಾವಾಗಲೂ ಟ್ಯಾಕ್ಸಿವೇ ಕಡೆಗೆ, ತುಂಡು ಗೆರೆಗಳು ರನ್‌ವೇ ಕಡೆಗೆ. ಪೂರ್ತಿ ಗೆರೆ ನಿಮಗೆ ಮೊದಲು ಸಿಕ್ಕಿತು ಅಂದರೆ ನಿಲ್ಲಿ. ಟವರ್ ರನ್‌ವೇಗೆ ಹೋಗಲು ಹೇಳುವ ತನಕ ವಿಮಾನದ ಯಾವ ಭಾಗವೂ ಅದನ್ನು ದಾಟಬಾರದು. ತುಂಡು ಗೆರೆ ಮೊದಲು ಸಿಕ್ಕಿತು ಅಂದರೆ ನೀವು ರನ್‌ವೇಯಿಂದ ಹೊರಗೆ ಬರುತ್ತಿದ್ದೀರಿ. ಅಲ್ಲಿ ನಿಲ್ಲದೆ ದಾಟಿ ಬನ್ನಿ. ನಮ್ಮ ರೈಲ್ವೆ ಗೇಟಿನ ಹಾಗೆಯೇ ಇದು: ಹೊರಗಿದ್ದರೆ ಕಾಯಬೇಕು, ಹಳಿಯ ಮೇಲಿದ್ದರೆ ಮೊದಲು ಆಚೆ ಬರಬೇಕು.

ಆಚೆ ಬರುವುದು ಅಂದರೆ ಎಷ್ಟು? ಇಲ್ಲಿ ತುಂಬಾ ಜನ ಎಡವುತ್ತಾರೆ. ಕಾಕ್‌ಪಿಟ್ ಗೆರೆ ದಾಟಿದ ಕೂಡಲೇ "ರನ್‌ವೇ ವೆಕೇಟೆಡ್" (ರನ್‌ವೇ ಬಿಟ್ಟಾಯಿತು) ಅಂದುಬಿಡುತ್ತಾರೆ. ಬಾಲ ಇನ್ನೂ ಆ ಕಡೆ ಇರುತ್ತದೆ. ಇಡೀ ವಿಮಾನ ನಾಲ್ಕೂ ಗೆರೆ ದಾಟಿದ ಮೇಲಷ್ಟೇ ಆ ಮಾತು ನಿಜ. ತಾರಸಿಯ ಮೇಲೆ ನಡೆಯುವಾಗ ಹಿಂದೆ ಒಬ್ಬರನ್ನು ಹೆಗಲು ಹಿಡಿದು ನಡೆಯಲು ಹೇಳುತ್ತೇನೆ. ಅವರೇ ಬಾಲ. ಹಿಂದಿನವರ ಕಾಲು ಗೆರೆ ದಾಟದೆ ಮುಂದಿನವರು ಬಾಯಿ ಬಿಡುವ ಹಾಗಿಲ್ಲ. ಮೊನ್ನೆ ಮದ್ದೂರಿನ ಹುಡುಗಿಯೊಬ್ಬಳು ಗೆರೆ ದಾಟಿ ಬಾಯಿ ತೆಗೆದಳು, ನಂತರ ತಾನೇ ಹಿಂತಿರುಗಿ ನೋಡಿ, ಬಾಲ ಬರುವ ತನಕ ಕಾದು, ಆಮೇಲೆ ಹೇಳಿದಳು. ಆ ಹಿಂತಿರುಗಿ ನೋಡುವ ಅಭ್ಯಾಸ ನನಗೆ ತುಂಬಾ ಇಷ್ಟವಾಯಿತು.

ಏಣಿಯ ಆಕಾರದ ಇನ್ನೊಂದು ಹಳದಿ ಗುರುತೂ ಇದೆ. ಮಂಜಿನಲ್ಲಿ ಐಎಲ್ಎಸ್ ಅನ್ನುವ, ರೇಡಿಯೊ ಕಿರಣದಿಂದ ದಾರಿ ತೋರಿಸುವ ವ್ಯವಸ್ಥೆಯನ್ನು ನಂಬಿ ಇಳಿಯುವಾಗ ಆ ರೇಡಿಯೊ ಕಿರಣಕ್ಕೆ ನೆಲದ ಮೇಲಿನ ವಿಮಾನ ಅಡ್ಡಿಯಾಗಬಾರದು. ಹಾಗಾಗಿ ರನ್‌ವೇಯಿಂದ ಇನ್ನೂ ದೂರದಲ್ಲೇ ನಿಲ್ಲಿಸಲು ಅದನ್ನು ಬರೆದಿರುತ್ತಾರೆ. ಅಡ್ಡಲಾಗಿ ಒಂದೇ ಒಂದು ತುಂಡು ಗೆರೆ ಇದ್ದರೆ ಅದು ಎರಡು ಟ್ಯಾಕ್ಸಿವೇ ಸೇರುವ ಕಡೆ ಕಾಯುವ ಜಾಗ.

ಗೆರೆಯ ಪಕ್ಕದ ಬೋರ್ಡುಗಳನ್ನೂ ಓದಬೇಕು. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇದ್ದರೆ ನೀವು ಈಗ ಇರುವ ಜಾಗ. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ ಇದ್ದರೆ ಮುಂದಿನ ದಾರಿ. ಕೆಂಪು ಹಲಗೆಯ ಮೇಲೆ ಬಿಳಿ ಅಕ್ಷರ ಇದ್ದರೆ ಅಪ್ಪಣೆ ಇಲ್ಲದೆ ಮುಂದೆ ಹೋಗಬೇಡಿ. ಟ್ಯಾಕ್ಸಿವೇಗಳ ಹೆಸರಲ್ಲಿ ಐ, ಓ, ಎಕ್ಸ್ ಅಕ್ಷರಗಳು ಇರುವುದಿಲ್ಲ. ಐ ಒಂದರ ಹಾಗೆ, ಓ ಸೊನ್ನೆಯ ಹಾಗೆ ಕಾಣುತ್ತದೆ. ಎಕ್ಸ್ ಅಂತೂ ಮುಚ್ಚಿದ ದಾರಿಯ ಗುರುತೇ. ರಾತ್ರಿಯಾದರೆ ಟ್ಯಾಕ್ಸಿವೇ ನಡುವೆ ಹಸಿರು ದೀಪ, ಅಂಚಿಗೆ ನೀಲಿ. ಅಡ್ಡಲಾಗಿ ಕೆಂಪು ದೀಪಗಳ ಸಾಲು ಉರಿಯುತ್ತಿದ್ದರೆ ಅದು ಸ್ಟಾಪ್ ಬಾರ್. ಟವರ್ ಬನ್ನಿ ಅಂದಿದ್ದರೂ ದೀಪ ಉರಿಯುತ್ತಿದ್ದರೆ ನಿಂತು ಕೇಳಿ. ಇದನ್ನು ನಾನು ಬರೆಸಿ, ಓದಿಸಿ, ಮತ್ತೆ ಕೇಳುತ್ತೇನೆ.

ಮಂಡಕಳ್ಳಿಯ ನಮ್ಮ ವಿಮಾನ ನಿಲ್ದಾಣದಲ್ಲಿ ಇರುವುದು ಒಂದೇ ರನ್‌ವೇ, 09/27. ಪಶ್ಚಿಮದ ತುದಿಯಲ್ಲಿ 09, ಪೂರ್ವದ ತುದಿಯಲ್ಲಿ 27. ದಿಕ್ಸೂಚಿಯ ಡಿಗ್ರಿಯನ್ನು ಹತ್ತಿರದ ಹತ್ತಕ್ಕೆ ಸರಿಮಾಡಿ, ಕೊನೆಯ ಸೊನ್ನೆ ಬಿಟ್ಟರೆ ಈ ಸಂಖ್ಯೆ ಸಿಗುತ್ತದೆ. ಪೂರ್ವಕ್ಕೆ ಮುಖ ಮಾಡಿದರೆ 90, ಪಶ್ಚಿಮಕ್ಕಾದರೆ 270. ಭೂಮಿಯ ಕಾಂತೀಯ ಉತ್ತರ ನಿಧಾನವಾಗಿ ಜರುಗುತ್ತಲೇ ಇರುವುದರಿಂದ ಈ ಸಂಖ್ಯೆಗಳೂ ಶಾಶ್ವತವಲ್ಲ. ಲಂಡನ್ನಿನ ಸ್ಟಾನ್‌ಸ್ಟೆಡ್‌ನಲ್ಲಿ 2009ರಲ್ಲಿ 05/23 ಅಳಿಸಿ 04/22 ಅಂತ ಬರೆದರು. ಬೆಂಗಳೂರಿನಲ್ಲಿ 2019ರಲ್ಲಿ ಎರಡನೇ ರನ್‌ವೇ ಬಂತು. ಎರಡೂ ಒಂದೇ ದಿಕ್ಕಿಗೆ ಇರುವುದರಿಂದ ಎಡದ್ದಕ್ಕೆ ಎಲ್, ಬಲದ್ದಕ್ಕೆ ಆರ್ ಸೇರಿಸುತ್ತಾರೆ.

ರನ್‌ವೇ ಶುರುವಾಗುವ ಕಡೆ ಉದ್ದುದ್ದ ಬಿಳಿ ಪಟ್ಟಿಗಳ ಸಾಲು ಇರುತ್ತದಲ್ಲ, ಅದನ್ನು ಸುಮ್ನೆ ಅಂದಕ್ಕೆ ಬರೆದಿಲ್ಲ. ಎಷ್ಟು ಪಟ್ಟಿ ಅನ್ನುವುದು ಅಗಲ ಹೇಳುತ್ತದೆ. 18 ಮೀಟರ್‌ಗೆ 4, 23ಕ್ಕೆ 6, 30ಕ್ಕೆ 8, 45ಕ್ಕೆ 12, 60ಕ್ಕೆ 16. ಮೇಲಿನಿಂದ ಬರುವವರು ಎಣಿಸಿದರೆ ಸಾಕು. ಪಟ್ಟಿಗಳಿಗೂ ಮೊದಲು ಬಿಳಿ ಬಾಣಗಳಿದ್ದರೆ ಆ ಭಾಗದಲ್ಲಿ ಇಳಿಯುವ ಹಾಗಿಲ್ಲ, ಆದರೆ ಅಲ್ಲಿಂದ ಟೇಕಾಫ್ ಓಟ ಶುರು ಮಾಡಬಹುದು. ಬಾಣದ ಬದಲು ಹಳದಿ ಕೋನಗಳ ಸಾಲು ಇದ್ದರೆ ಆ ನೆಲದ ಗೋಜಿಗೇ ಹೋಗಬೇಡಿ.

ಒಂದೇ ರನ್‌ವೇ ಇರುವ ಊರಿನಲ್ಲಿ ಕಲಿಯುವುದರಲ್ಲಿ ಒಂದು ಅಪಾಯ ಇದೆ. ದಾರಿ ತಪ್ಪುವ ಭಯವೇ ಹುಟ್ಟುವುದಿಲ್ಲ. ಗೆರೆ ನೋಡದೆಯೂ ಹೋಗಿಬರಬಹುದು. ಆಮೇಲೆ ದೊಡ್ಡ ಏರ್‌ಪೋರ್ಟಿಗೆ ಹೋದಾಗ ನಾಲ್ಕು ದಿಕ್ಕಿಗೂ ಟ್ಯಾಕ್ಸಿವೇ, ಕಿವಿಯಲ್ಲಿ ಬಿಡದೆ ರೇಡಿಯೊ. ಗೆರೆ ಓದುವ ಅಭ್ಯಾಸ ಇಲ್ಲದವರಿಗೆ ಅಲ್ಲಿ ಕಷ್ಟ. ಅದಕ್ಕೇ ಸುಲಭದ ಜಾಗದಲ್ಲಿದ್ದಾಗಲೇ ಕಷ್ಟದ ಜಾಗದ ಅಭ್ಯಾಸ ಮಾಡಿ ಅಂತ ಬೇಡಿಕೊಳ್ಳುತ್ತೇನೆ.

ತಾರಸಿಯಲ್ಲಿ ಕೂತು ನಾನು ಎರಡು ಅಪಘಾತಗಳ ಕಥೆ ಹೇಳುತ್ತೇನೆ. 2001ರ ಅಕ್ಟೋಬರ್ 8, ಇಟಲಿಯ ಮಿಲಾನ್ ನಗರದ ಲಿನಾಟೆ. ದಟ್ಟ ಮಂಜು. ಒಂದು ಸಣ್ಣ ಸೆಸ್ನಾ ಜೆಟ್‌ಗೆ ಆರ್5 ಅನ್ನುವ ಟ್ಯಾಕ್ಸಿವೇಯಲ್ಲಿ ಹೋಗಲು ಹೇಳಿದರು. ಅದು ಆರ್6ಕ್ಕೆ ತಿರುಗಿತು. ಆ ದಾರಿ ನೇರವಾಗಿ ರನ್‌ವೇಗೆ ಹೋಗುತ್ತದೆ. ಅಲ್ಲಿ ಟೇಕಾಫ್ ಓಟದಲ್ಲಿದ್ದ ಎಂಡಿ-87 ವಿಮಾನ ಅದಕ್ಕೆ ಡಿಕ್ಕಿ ಹೊಡೆಯಿತು. 118 ಜನ ಸತ್ತರು. ನೆಲದ ರೇಡಾರ್ ಕೆಲಸ ಮಾಡುತ್ತಿರಲಿಲ್ಲ, ಗುರುತುಗಳೂ ಬೋರ್ಡುಗಳೂ ಇರಬೇಕಾದ ಮಟ್ಟದಲ್ಲಿ ಇರಲಿಲ್ಲ. ತಪ್ಪು ಪೂರ್ತಿ ಪೈಲಟ್‌ಗಳದ್ದು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಮಾಸಿದ ಗೆರೆ ಕಂಡರೆ ದೂರು ಬರೆದು ಕೊಡಿ ಅಂತ ಮಕ್ಕಳಿಗೆ ಹೇಳುವುದು ಇದೇ ಕಾರಣಕ್ಕೆ. ಬಣ್ಣ ಬಳಿಯುವವರ ಕೆಲಸವೂ ಪೈಲಟ್ ಕೆಲಸದಷ್ಟೇ ದೊಡ್ಡದು.

ಇನ್ನೊಂದು 2006ರ ಆಗಸ್ಟ್ 27, ಅಮೆರಿಕದ ಲೆಕ್ಸಿಂಗ್ಟನ್. ಬೆಳಕು ಹರಿಯುವ ಮೊದಲು. 22ನೇ ರನ್‌ವೇಯಿಂದ ಹೊರಡಬೇಕಿದ್ದ ವಿಮಾನ ಅದರ ಅರ್ಧದಷ್ಟೇ ಉದ್ದದ 26ನೇ ರನ್‌ವೇಗೆ ತಿರುಗಿತು. ಟೇಕಾಫ್ ಓಟಕ್ಕೆ ಜಾಗ ಸಾಲದೆ ಅಪಘಾತವಾಯಿತು. ಒಳಗಿದ್ದ 50 ಜನರಲ್ಲಿ ಉಳಿದದ್ದು ಒಬ್ಬರು. ಎರಡೂ ರನ್‌ವೇಗಳ ದಿಕ್ಕಿನಲ್ಲಿ 40 ಡಿಗ್ರಿ ವ್ಯತ್ಯಾಸ. ನೆಲದ ಮೇಲಿನ ಸಂಖ್ಯೆ ಮತ್ತು ಕಣ್ಣ ಮುಂದಿನ ದಿಕ್ಸೂಚಿ, ಎರಡನ್ನೂ ಒಮ್ಮೆ ಹೋಲಿಸಿ ನೋಡಲು ಎರಡು ಕ್ಷಣ ಸಾಕು. ಮಂಡಕಳ್ಳಿಯಲ್ಲಿ 27ರ ಮೇಲೆ ನಿಂತಾಗ, ಬೇರೆ ರನ್‌ವೇ ಇಲ್ಲ ಅಂತ ಗೊತ್ತಿದ್ದರೂ, ದಿಕ್ಸೂಚಿ ನೋಡಿ "270" ಅಂತ ಬಾಯಿಬಿಟ್ಟು ಹೇಳಿ. ಪ್ರತಿ ಸಲವೂ.

"ಮೇಡಂ, ದಾರಿ ತಪ್ಪಿದೆ ಅಂತ ಗೊತ್ತಾದ್ರೆ?" ಅಂತ ಮಂಡ್ಯದ ಹುಡುಗ ಕೇಳಿದ. ಟವರ್ ಮುಂದೆ ಮಾನ ಹೋಗುತ್ತೆ ಅನ್ನುವ ಅಳುಕು ಅವನ ದನಿಯಲ್ಲಿತ್ತು. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಟ್ಯಾಕ್ಸಿವೇ ಮೇಲಿದ್ದರೆ ಅಲ್ಲೇ ನಿಲ್ಲಿ. ನಾನು ಎಲ್ಲಿದ್ದೇನೆ ಅಂತ ಖಚಿತವಿಲ್ಲ ಅಂತ ಟವರ್‌ಗೆ ನೇರವಾಗಿ ಹೇಳಿ, ಕಾಣುವ ಬೋರ್ಡನ್ನು ಓದಿ. ರನ್‌ವೇ ಮೇಲೆ ಇದ್ದೀರಿ ಅನ್ನಿಸಿದರೆ ಕೂಡಲೇ ಟವರ್‌ಗೆ ತಿಳಿಸಿ, ಹತ್ತಿರದ ಟ್ಯಾಕ್ಸಿವೇ ಕಂಡರೆ ತುಂಡು ಗೆರೆ ದಾಟಿ ಆಚೆ ಬನ್ನಿ, ಆಮೇಲೆ ನಿಲ್ಲಿ. ಹೀಗೆ ಹೇಳಿದ್ದಕ್ಕೆ ಯಾರಾದರೂ ಗದರಿದರೆ ಗದರಲಿ. ಅವನು ಒಪ್ಪಿದ, ಮತ್ತೆ ಏಪ್ರನ್‌ನಿಂದ ನಡೆಯಲು ಶುರು ಮಾಡಿದ. ಟ್ಯಾಂಕಿನ ಪಕ್ಕದ ಟವರ್ ಈ ಸಲ ಬೇಕೆಂದೇ ಅವನಿಗೆ ಇಲ್ಲದ ಟ್ಯಾಕ್ಸಿವೇಯ ಹೆಸರು ಕೊಟ್ಟಿತು. ಅವನು ನಿಂತು ಕೇಳಿದ.