ಮುಹೂರ್ತದ ಹೊತ್ತಿಗೆ ಆಟೋ ಬೇಡ

ನಮ್ಮ ಚಿಕ್ಕಬಳ್ಳಾಪುರದ ಕಡೆ ಮದುವೆ ವಿಡಿಯೋ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಲ್ಲಿ ಹೆಚ್ಚಿನವರು ಫೋಟೋ ಕಡೆಯಿಂದ ಬಂದವರು. ಕಣ್ಣು ಚೆನ್ನಾಗಿರುತ್ತದೆ, ಫ್ರೇಮ್ ಚೆನ್ನಾಗಿ ಇಡುತ್ತಾರೆ. ಆದರೆ ವಿಡಿಯೋ ಮಾಡು ಅಂದ ತಕ್ಷಣ ಡಯಲ್ಲನ್ನು ಅಪರ್ಚರ್ ಪ್ರಯಾರಿಟಿಗೆ (ಲೆನ್ಸಿನ ಕಂಡಿ ಎಷ್ಟು ತೆರೆಯಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿ, ಉಳಿದದ್ದು ಕ್ಯಾಮೆರಾಗೆ) ತಿರುಗಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಆಟೋಗೆ ಬಿಟ್ಟು, ಆರಾಮಾಗಿ ರೆಕಾರ್ಡ್ ಒತ್ತುತ್ತಾರೆ. ಫೋಟೋದಲ್ಲಿ ಅದು ನಡೆಯುತ್ತದೆ. ಒಂದು ಫೋಟೋ ಕಪ್ಪಾದರೆ ಮುಂದಿನದು ಸರಿ ಬರುತ್ತದೆ. ರಾ ಫೈಲ್ (ಸೆನ್ಸರ್ ಕಂಡಿದ್ದೆಲ್ಲ ಹಾಗೇ ಉಳಿಯುವ ಫೈಲ್) ಇದ್ದರೆ ಆಮೇಲೆ ಎತ್ತಿಕೊಳ್ಳಲೂಬಹುದು. ವಿಡಿಯೋದಲ್ಲಿ ಹಾಗಲ್ಲ. ಬೆಳಕು ಏರಿ ಇಳಿಯುವುದೇ ನೋಡುವವರ ಕಣ್ಣಿಗೆ ಬೀಳುತ್ತದೆ.

ಧಾರೆಯ ಹೊತ್ತನ್ನೇ ನೋಡಿ. ಕ್ಯಾಮೆರಾ ಹುಡುಗಿಯ ಮುಖದ ಮೇಲಿದೆ. ಬಿಳಿ ಶಲ್ಯ ಹೊದ್ದ ಪುರೋಹಿತರು ತಟ್ಟೆ ಎತ್ತಿಕೊಳ್ಳಲು ಮುಂದೆ ಬಾಗುತ್ತಾರೆ. ಅರ್ಧ ಫ್ರೇಮ್ ಬಿಳಿ ಆಯಿತು. ಕ್ಯಾಮೆರಾದ ಮೀಟರಿಗೆ ಮದುವೆ ಗೊತ್ತಿಲ್ಲ, ಪುರೋಹಿತರೂ ಗೊತ್ತಿಲ್ಲ. ಕಂಡಿದ್ದನ್ನೆಲ್ಲ ನಡುಮಟ್ಟದ ಬೂದು ಬಣ್ಣಕ್ಕೆ ತರುವುದಷ್ಟೇ ಅದರ ಕೆಲಸ. ಹಾಗಾಗಿ ಐಎಸ್‌ಒ ಇಳಿಸುತ್ತದೆ, ಹುಡುಗಿಯ ಮುಖ ಕಪ್ಪಾಗುತ್ತದೆ. ಪುರೋಹಿತರು ಹಿಂದೆ ಸರಿದರೆ ಮುಖ ಮತ್ತೆ ನಿಧಾನಕ್ಕೆ ಬೆಳಗುತ್ತದೆ. ಅಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತದೆ. ಪ್ರತಿ ರೋಡ್ ಹಂಪ್‌ಗೂ ಬ್ರೇಕ್ ಒತ್ತುವ ಡ್ರೈವರ್ ಜೊತೆ ಬಸ್ಸಲ್ಲಿ ಕೂತ ಹಾಗೆ ಇರುತ್ತದೆ ಆ ಕ್ಲಿಪ್ ನೋಡೋದು. ಎಡಿಟಿಂಗಲ್ಲಿ ಸರಿ ಮಾಡಬಹುದು ಅಂತ ಹೇಳುವವರಿದ್ದಾರೆ. ಏರಿದ ಕಡೆ ಇಳಿಸಿ, ಇಳಿದ ಕಡೆ ಏರಿಸಿ ಕೀಫ್ರೇಮ್ ಹಾಕುತ್ತಾ ಒಂದು ಸಲ ಕೂತು ನೋಡಲಿ.

ಬೆಳಕು ದುಪ್ಪಟ್ಟಾದರೆ ಇಲ್ಲವೇ ಅರ್ಧ ಆದರೆ ಅದು ಒಂದು ಸ್ಟಾಪ್. ಒಂದು ಶಾಟ್ ಪೂರ್ತಿ ಅರ್ಧ ಸ್ಟಾಪ್ ಕಡಿಮೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಶಾಟ್ ನಡುವೆ ಅರ್ಧ ಸ್ಟಾಪ್ ಬದಲಾದರೆ ಅಜ್ಜಿಗೂ ಗೊತ್ತಾಗುತ್ತದೆ. ಅದಕ್ಕೇ ನಮ್ಮಲ್ಲಿ ಮುಹೂರ್ತಕ್ಕೆ ಎಲ್ಲಾ ಕ್ಯಾಮೆರಾ ಮ್ಯಾನುವಲ್.

ಮ್ಯಾನುವಲ್ ಅಂದರೆ ಹುಡುಗರು ಹೆದರುತ್ತಾರೆ. ‘ಅಣ್ಣಾ, ಶಟರ್, ಅಪರ್ಚರ್, ಐಎಸ್‌ಒ ಮೂರನ್ನೂ ಒಟ್ಟಿಗೆ ಹೆಂಗೆ ನೋಡ್ಕೊಳ್ಳೋದು?’ ಅಂತ. ಮೂರು ಎಲ್ಲಿ ಬಂತು? ವಿಡಿಯೋದಲ್ಲಿ ಶಟರ್ ಮೊದಲೇ ನಿಂತುಬಿಟ್ಟಿರುತ್ತದೆ. ಸೆಕೆಂಡಿಗೆ 25 ಫ್ರೇಮ್ ತೆಗೆಯುವುದಾದರೆ ಶಟರ್ 1/50, ಅಂದರೆ ಪ್ರತಿ ಫ್ರೇಮಿಗೂ ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ಹೊತ್ತು ಬೆಳಕು ಬೀಳುತ್ತದೆ. ಫ್ರೇಮ್ ರೇಟಿನ ಎರಡರಷ್ಟು, ಸಿನಿಮಾ ಕಾಲದಿಂದ ಬಂದ ಲೆಕ್ಕ. ಚಲನೆ ಕಣ್ಣಿಗೆ ಸಹಜ ಅನಿಸುವುದು ಅಲ್ಲೇ. ಅಕ್ಷತೆ ಎರಚುವ ಶಾಟಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1/50ರಲ್ಲಿ ಒಂದೊಂದು ಅಕ್ಕಿಕಾಳೂ ಸಣ್ಣ ಗೆರೆ ಎಳೆದುಕೊಂಡು ಬೀಳುತ್ತದೆ, ಮಳೆ ಬಿದ್ದಂತೆ ಅನಿಸುತ್ತದೆ. ಅದನ್ನೇ 1/1000ಕ್ಕೆ ಇಟ್ಟರೆ ಕಾಳುಗಳೆಲ್ಲ ಗಾಳಿಯಲ್ಲಿ ಚುಕ್ಕಿ ಚುಕ್ಕಿಯಾಗಿ ನಿಲ್ಲುತ್ತವೆ, ಕೈಗಳು ತಡೆತಡೆದು ಓಡಾಡುತ್ತವೆ. ಫೋಟೋಗೆ ಅದು ಬೇಕು. ವಿಡಿಯೋಗೆ ಬೇಡ.

1/50ಕ್ಕೆ ಇನ್ನೊಂದು ಕಾರಣ ಇದೆ, ನನಗಂತೂ ಅದೇ ದೊಡ್ಡದು. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. 1/50 ಅಥವಾ 1/100 ಇಟ್ಟರೆ ಪ್ರತಿ ಫ್ರೇಮಿಗೂ ಮಿನುಗು ಪೂರ್ತಿ ಲೆಕ್ಕದಲ್ಲಿ ಸಿಗುತ್ತದೆ, ಬೆಳಕು ಸಮ ಇರುತ್ತದೆ. 1/60 ಇಟ್ಟರೆ ಗೋಡೆ ಮೇಲೆ ಕಪ್ಪು ಪಟ್ಟಿಗಳು ಹರಿಯತೊಡಗುತ್ತವೆ. ಅಮೆರಿಕದಲ್ಲಿರುವ ಅಣ್ಣನೋ ಮಾವನೋ ತಂದುಕೊಟ್ಟ ಕ್ಯಾಮೆರಾಗಳಲ್ಲಿ ಈ ಕಾಟ ಜಾಸ್ತಿ. ಅವು ಅಲ್ಲಿನ 60 ಹರ್ಟ್ಸ್ ಕರೆಂಟಿಗೆ ಹೊಂದುವ ಎನ್‌ಟಿಎಸ್‌ಸಿ ಅನ್ನುವ ವಿಡಿಯೋ ಪದ್ಧತಿಯಲ್ಲಿ ಇರುತ್ತವೆ, 30 ಫ್ರೇಮ್, 1/60. ಮೆನುವಿನಲ್ಲಿ ನಮ್ಮ ಕಡೆಯ ಪದ್ಧತಿಯಾದ ಪಾಲ್‌ಗೆ ಬದಲಿಸಿಕೊಳ್ಳಬೇಕು. ಬದಲಿಸಲು ಆಗದಿದ್ದರೆ 30 ಫ್ರೇಮಲ್ಲೇ ಇದ್ದರೂ ಶಟರನ್ನು 1/50ಕ್ಕೆ ತಂದರೆ ಸಾಕು, ಪಟ್ಟಿ ಹೋಗುತ್ತದೆ.

ಸ್ಲೋ ಮೋಷನ್‌ಗೂ ಇದೇ ಮಾತು. ಛತ್ರದೊಳಗೆ 120 ಫ್ರೇಮ್ ತೆಗೆದರೆ ಶಟರ್ 1/120ಕ್ಕಿಂತ ನಿಧಾನ ಆಗಲು ಸಾಧ್ಯವೇ ಇಲ್ಲ, ಮಿನುಗು ಬಂದೇ ಬರುತ್ತದೆ. 100 ಫ್ರೇಮು, 1/100 ಶಟರು ಇಟ್ಟರೆ ಬರುವುದಿಲ್ಲ. ಕರೆಂಟ್ ಹೋಗಿ ಜನರೇಟರ್ ಓಡುವಾಗ ಮಾತ್ರ ಈ ಲೆಕ್ಕ ಸ್ವಲ್ಪ ಹದ ತಪ್ಪುತ್ತದೆ. ಹಳೇ ಜನರೇಟರ್ ಸರಿಯಾಗಿ 50ಕ್ಕೇ ಓಡುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಆಗ ನಮ್ಮ ಬ್ಯಾಟರಿ ಲೈಟನ್ನು ಹತ್ತಿರ ತರುತ್ತೇವೆ, ಛತ್ರದ ಲೈಟಿನ ಪಾಲು ಕಡಿಮೆ ಆಗಲಿ ಅಂತ.

ಶಟರ್ ನಿಂತಿತು. ಉಳಿದದ್ದು ಅಪರ್ಚರ್ ಮತ್ತು ಐಎಸ್‌ಒ. ಅಪರ್ಚರಿನ ಎಫ್ ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು, ಫೋಕಸಲ್ಲಿ ಇರುವ ಜಾಗ ಕಡಿಮೆ. ಅಪರ್ಚರನ್ನು ಬೆಳಕಿಗಾಗಿ ಅಲ್ಲ, ಎಷ್ಟು ಜನ ಫೋಕಸಲ್ಲಿ ಇರಬೇಕು ಅನ್ನುವುದಕ್ಕಾಗಿ ಇಡಬೇಕು. ಹುಡುಗ, ಹುಡುಗಿ, ಅಪ್ಪ, ಅಮ್ಮ, ಸೋದರಮಾವ ಎಲ್ಲರೂ ಧಾರೆಗೆ ಕೈ ಜೋಡಿಸಿರುವಾಗ ಎಫ್ 1.8 ಇಟ್ಟರೆ ಒಬ್ಬರ ಮೂಗು ಮಾತ್ರ ಶಾರ್ಪ್. ನಾನು ಎಫ್ 4ಕ್ಕೆ ಇಡುತ್ತೇನೆ. ಎಫ್ 2.8ರಿಂದ ಎಫ್ 4ಕ್ಕೆ ಹೋದರೆ ಬೆಳಕು ಅರ್ಧ ಆಗುತ್ತದೆ, ಆ ಅರ್ಧವನ್ನು ಐಎಸ್‌ಒ ದುಪ್ಪಟ್ಟು ಮಾಡಿ ತುಂಬಿಕೊಳ್ಳಬೇಕು. ಸ್ವಲ್ಪ ಗ್ರೇನ್ಸ್ ಬಂದರೆ ಬರಲಿ. ಔಟ್ ಆಫ್ ಫೋಕಸ್ ಆದ ಅಪ್ಪನ ಮುಖವನ್ನು ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ.

ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವ ಜೂಮ್ ಲೆನ್ಸ್) ಇರುವವರು ಇದನ್ನೂ ನೋಡಿಕೊಳ್ಳಿ. ಅದರ ಮೇಲೆ 3.5–5.6 ಅಂತ ಬರೆದಿರುತ್ತದೆ. ಫುಲ್ ಓಪನ್ ಇಟ್ಟುಕೊಂಡು ಜೂಮ್ ಮಾಡಿದರೆ ಶಾಟ್ ನಡುವೆಯೇ ಬೆಳಕು ಕಡಿಮೆ ಆಗುತ್ತಾ ಹೋಗುತ್ತದೆ. ಶುರುವಿನಲ್ಲೇ 5.6 ಇಟ್ಟುಬಿಟ್ಟರೆ ಜೂಮ್ ಎಲ್ಲಿಗೆ ಹೋದರೂ ಒಂದೇ.

ಈಗ ಎಷ್ಟು ಬೆಳಕು ಅನ್ನುವ ಪ್ರಶ್ನೆ. ಕ್ಯಾಮೆರಾ ಹಿಂದಿನ ಸ್ಕ್ರೀನ್ ನಂಬಬೇಡಿ. ಕತ್ತಲೆಯ ಹಾಲ್‌ನಲ್ಲಿ ಅದು ಜಗ್ಗನೆ ಹೊಳೆಯುತ್ತದೆ, ಸಾಕು ಅನಿಸಿ ನೀವು ಇಳಿಸುತ್ತೀರಿ. ಬಿಸಿಲಲ್ಲಿ ಅದು ಮಂಕಾಗಿ ಕಾಣುತ್ತದೆ, ಸಾಲದು ಅನಿಸಿ ಏರಿಸುತ್ತೀರಿ. ಎರಡೂ ಕಡೆ ಮೋಸ. ಜೀಬ್ರಾ ಹಾಕಿಕೊಳ್ಳಿ. ಒಂದು ಮಟ್ಟ ದಾಟಿದ ಜಾಗದಲ್ಲೆಲ್ಲ ಸ್ಕ್ರೀನ್ ಮೇಲೆ ಓರೆ ಗೆರೆ ತೋರಿಸುತ್ತದೆ, ಅಷ್ಟೇ ಅದರ ಕೆಲಸ. ಮುಹೂರ್ತಕ್ಕೆ ನಾನು ಆ ಮಟ್ಟವನ್ನು 100ಕ್ಕೆ, ಅಂದರೆ ಪೂರ್ತಿ ಬಿಳಿಗೆ ಇಡುತ್ತೇನೆ. ಮಾಮೂಲಿ ಪಿಕ್ಚರ್ ಪ್ರೊಫೈಲಿನ ಮಾತು ಇದು, ಲಾಗ್‌ನಲ್ಲಿ (ಎಡಿಟಿಂಗಲ್ಲಿ ಬಣ್ಣ ಹೊಂದಿಸಿಕೊಳ್ಳಲೆಂದು ಮಂಕಾಗಿ ತೆಗೆಯುವ ಬಗೆ) ಬಿಳಿ ಇನ್ನೂ ಕೆಳಗೇ ನಿಂತುಬಿಡುತ್ತದೆ. ಹುಡುಗನ ಬಿಳಿ ಪಂಚೆಯ ಮಡಿಕೆ ಮೇಲೆ ಅಲ್ಲೊಂದು ಇಲ್ಲೊಂದು ಗೆರೆ ಕಂಡರೆ ಪರವಾಗಿಲ್ಲ. ಪಂಚೆ ಪೂರ್ತಿ ಗೆರೆ ಆದರೆ ಅದು ಬರ್ನ್ ಆಗಿದೆ ಅಂತ ಅರ್ಥ, ಆಮೇಲೆ ಅಲ್ಲಿ ಬಟ್ಟೆಯೂ ಇರುವುದಿಲ್ಲ, ಜರಿಯೂ ಇರುವುದಿಲ್ಲ.

ಮುಖಕ್ಕೆ ಜೀಬ್ರಾ 70ಕ್ಕೆ ಇಡಿ ಅನ್ನುವ ಒಂದು ಹಳೇ ಲೆಕ್ಕ ಇದೆ. ಅದು ಬೆಳ್ಳಗಿನ ಚರ್ಮದವರನ್ನು ನೋಡಿ ಮಾಡಿದ್ದು. ನಮ್ಮ ಮುಖಗಳನ್ನು 70ಕ್ಕೆ ಎಳೆದರೆ ಸುಣ್ಣ ಬಳಿದಂತೆ ಕಾಣುತ್ತವೆ. ನಾನು 50ರಿಂದ 60ರ ನಡುವೆ ನಿಲ್ಲಿಸುತ್ತೇನೆ. ಮನೆಯವರು ‘ನಮ್ಮ ಹುಡುಗೀನ ಸ್ವಲ್ಪ ಬೆಳ್ಳಗೆ ತೋರಿಸಿ ಸಾರ್’ ಅಂತ ಕೇಳುತ್ತಾರೆ. ಕೇಳಲಿ. ನಕ್ಕು ಸುಮ್ಮನಾಗುತ್ತೇನೆ. ವಿಡಿಯೋ ಕೊಟ್ಟ ಮೇಲೆ ಅದರ ಬಗ್ಗೆ ಯಾರೂ ತಕರಾರು ಮಾಡಿದ್ದಿಲ್ಲ.

ಬಿಳಿಯ ವಿಷಯಕ್ಕೆ ಮದುವೆಗಿಂತ ಒಳ್ಳೆ ಪಾಠ ಸಿಗುವುದು ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ. ಸೀಸನ್ ಇಲ್ಲದಾಗ ರೈತರಿಗೆ, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳಿಗೆ ಸಣ್ಣಪುಟ್ಟ ವಿಡಿಯೋ ಮಾಡಿಕೊಡುತ್ತೇವೆ. ಒಂದು ಕಡೆ ಬೈವೋಲ್ಟೀನ್ ತಳಿಯ ಬಿಳಿ ಗೂಡು, ಪಕ್ಕದಲ್ಲೇ ಮಿಶ್ರತಳಿಯ ಹಳದಿ ಗೂಡು. ಆಟೋದಲ್ಲಿ ಒಂದರಿಂದ ಇನ್ನೊಂದಕ್ಕೆ ಕ್ಯಾಮೆರಾ ತಿರುಗಿಸಿ ನೋಡಿ. ಬಿಳಿ ಗೂಡು ಮಾಸಿದ ಬೂದು ಆಗುತ್ತದೆ, ಹಳದಿ ಗೂಡು ಇದ್ದಕ್ಕಿಂತ ತಿಳಿಯಾಗುತ್ತದೆ. ಗೂಡಿನ ಗುಣಮಟ್ಟವನ್ನು ಕಣ್ಣಲ್ಲೇ ಅಳೆಯುವ ಜನ ಅವರು. ಮಾಸಿದ ಗೂಡು ತೋರಿಸಿದರೆ ರೈತ ಬೈಯುತ್ತಾನೆ, ಅವನ ಸಿಟ್ಟು ನ್ಯಾಯವೇ. ಲಾಕ್ ಮಾಡಿಟ್ಟರೆ ಬಿಳಿ ಬಿಳಿಯಾಗಿಯೇ ಇರುತ್ತದೆ, ಹಳದಿ ಹಳದಿಯಾಗಿಯೇ. ಹೊಸ ಹುಡುಗರಿಗೆ ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಅಲ್ಲಿ ನಿಲ್ಲಿಸಿ ತೋರಿಸೋದು ಸುಲಭ.

ಹೊರಗಿನ ಕೆಲಸಕ್ಕೆ ಬಂದರೆ ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡಲು ಲೆನ್ಸ್ ಮುಂದೆ ಹಾಕುವ ಕಪ್ಪು ಗಾಜು) ಇಲ್ಲದೆ ಮನೆ ಬಿಡಬೇಡಿ. ಪ್ರೀ ವೆಡ್ಡಿಂಗ್ ಅಂದರೆ ನಮ್ಮ ಕಡೆ ಎಲ್ಲರಿಗೂ ನಂದಿಯೇ ಬೇಕು, ಮೇಲೆ ಬೆಟ್ಟ, ಕೆಳಗೆ ಭೋಗನಂದೀಶ್ವರ. ಮಧ್ಯಾಹ್ನದ ಬಿಸಿಲಲ್ಲಿ ಐಎಸ್‌ಒ 100, ಶಟರ್ 1/50 ಇಟ್ಟರೆ ಸರಿಯಾದ ಅಪರ್ಚರ್ ಎಫ್ 22 ಆಗುತ್ತದೆ. ನಿಮಗೆ ಬೇಕಾಗಿರುವುದು ಎಫ್ 2.8. ಅಂದರೆ ಆರು ಸ್ಟಾಪ್ ಬೆಳಕು ಹೆಚ್ಚು. ಅದನ್ನು ತಡೆಯಲು ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ 64 ಬೇಕು. ಲಾಗ್‌ನಲ್ಲಿ ತೆಗೆಯುವವರಿಗೆ ಇನ್ನೂ ಕಷ್ಟ. ಅನೇಕ ಕ್ಯಾಮೆರಾಗಳಲ್ಲಿ ಲಾಗ್‌ಗೆ ಹಾಕಿದರೆ ಐಎಸ್‌ಒ 800ಕ್ಕೆ ಹತ್ತಿರ ಶುರುವಾಗುತ್ತದೆ. 100ರಿಂದ 800ಕ್ಕೆ ಮೂರು ಸ್ಟಾಪ್. ಒಟ್ಟು ಒಂಬತ್ತು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 2ರಿಂದ 5 ಸ್ಟಾಪಿನ, ರಿಂಗ್ ತಿರುಗಿಸಿ ಹೆಚ್ಚು ಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ಅಲ್ಲಿ ಸಾಲುವುದೇ ಇಲ್ಲ. ಸಾಲದು ಅಂತ ಅದನ್ನು ಕೊನೆಯವರೆಗೆ ತಿರುಗಿಸಿದರೆ ಫ್ರೇಮ್ ಮೇಲೆ ಅಡ್ಡಡ್ಡ ಕಪ್ಪು ನೆರಳು ಬೀಳುತ್ತದೆ. ಆಗ ಹುಡುಗರು ಮಾಡುವುದು ಒಂದೇ, ಶಟರ್ 1/2000ಕ್ಕೆ ಏರಿಸುವುದು. ಹುಡುಗಿ ಸೆರಗು ಬೀಸಿಕೊಂಡು ಓಡಿ ಬರುವ ಶಾಟು ಕಟಕಟ ಅನ್ನುತ್ತದೆ. ನೆರಳಿಗೆ ಹೋಗಿ, ಇಲ್ಲವೇ ಅಪರ್ಚರ್ ಎಫ್ 11ಕ್ಕೆ ಇಳಿಸಿ. ಹಿಂದಿನದು ಬ್ಲರ್ ಆಗದಿದ್ದರೆ ಏನೂ ಮುಳುಗುವುದಿಲ್ಲ. ಅಷ್ಟು ದೂರ ಹೋಗಿ ನಂದಿ ಬೆಟ್ಟವನ್ನು ಬ್ಲರ್ ಮಾಡೋದು ಯಾಕೆ, ಅಲ್ವಾ?

ಭೋಗನಂದೀಶ್ವರದಲ್ಲಿ ಎಕ್ಸ್‌ಪೋಶರಿನ ಪರೀಕ್ಷೆ ಬೇರೆ ಥರ. ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ ಅದು, ಅನುಮತಿ ಪಡೆದೇ ಕ್ಯಾಮೆರಾ ಬಿಚ್ಚಬೇಕು. ಒಳಗೆ ಕಂಬಗಳ ಮಂಟಪ ಕತ್ತಲೆ, ಹೊರಗೆ ಪ್ರಾಕಾರದ ಕಲ್ಲುಹಾಸು ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಎರಡೂ ಒಂದೇ ಫ್ರೇಮಲ್ಲಿ ಉಳಿಯುವುದಿಲ್ಲ. 8 ಬಿಟ್ ಫೈಲಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಮೆಟ್ಟಿಲು ಕಡಿಮೆ ಇದ್ದಾಗ ಕತ್ತಲೆಯನ್ನು ಎತ್ತಿದರೆ ಮುಖದ ಮೇಲೆ ಪಟ್ಟೆ ಪಟ್ಟೆ ಆಗುತ್ತದೆ. ಆದ್ದರಿಂದ ಮೊದಲೇ ತೀರ್ಮಾನ ಮಾಡಬೇಕು. ಮುಖ ಬೇಕೋ, ಹೊರಗಿನ ಗೋಪುರ ಬೇಕೋ? ನಾನು ಜೋಡಿಯನ್ನು ಕಂಬದ ಹೊರ ಅಂಚಿಗೆ ಕರೆದು, ಪ್ರಾಕಾರದ ಕಲ್ಲಿನಿಂದ ಪುಟಿದು ಬರುವ ಬೆಳಕು ಮುಖಕ್ಕೆ ಬೀಳುವಂತೆ ನಿಲ್ಲಿಸಿ, ಹಿಂದೆ ಕತ್ತಲೆಯ ಮಂಟಪ ಬರುವಂತೆ ಕ್ಯಾಮೆರಾ ಇಡುತ್ತೇನೆ. ಕ್ಯಾಮೆರಾದಲ್ಲಿ ಮಾಡಬೇಕಾದ್ದು ಕಡಿಮೆ ಆಗುತ್ತದೆ.

ಬೆಟ್ಟದ ಮೇಲೆ ಸೂರ್ಯೋದಯ ತೆಗೆಯುವವರಿಗೆ ಒಂದೇ ಮಾತು. ಬೆಳಕು ನಿಮಿಷ ನಿಮಿಷಕ್ಕೂ ಏರುತ್ತದೆ. ಪ್ರತಿ ಶಾಟಿಗೂ ಹೊಸದಾಗಿ ಇಡಿ, ಶಾಟ್ ಓಡುವಾಗ ಮುಟ್ಟಬೇಡಿ.

ಹಾಗಾದರೆ ಶಾಟ್ ನಡುವೆ ಬೆಳಕು ಬದಲಿಸಲೇಬೇಕಾದ ಸಂದರ್ಭ ಇಲ್ಲವೇ? ಇದೆ. ದಿಬ್ಬಣ ರಸ್ತೆಯಿಂದ ಛತ್ರದ ಒಳಗೆ ಬರುತ್ತದೆ. ಬೆಳಗಿನ ಬಿಸಿಲಿಗೂ ಒಳಗಿನ ಹಾಲ್‌ಗೂ ಏಳೆಂಟು ಸ್ಟಾಪ್ ವ್ಯತ್ಯಾಸ. ಹುಡುಗನ ಜೊತೆ ಹಿಂದಕ್ಕೆ ನಡೆಯುತ್ತಾ ಬಾಗಿಲು ದಾಟಬೇಕು, ಕಟ್ ಮಾಡುವಂತಿಲ್ಲ. ಅಪರ್ಚರ್ ತಿರುಗಿಸಿದರೆ ಫೋಟೋ ಲೆನ್ಸ್‌ಗಳಲ್ಲಿ ಬೆಳಕು ಮೆಟ್ಟಿಲು ಹತ್ತಿದಂತೆ ಟಕ್ ಟಕ್ ಅಂತ ಜಿಗಿಯುತ್ತದೆ. ವೇರಿಯಬಲ್ ಎನ್‌ಡಿ ಕೆಲಸಕ್ಕೆ ಬರುವುದು ಇಲ್ಲೇ. ಹೊರಗೆ ಕತ್ತಲಾಗಿಸಿ ಶುರು ಮಾಡಿ, ಬಾಗಿಲಿನ ತೋರಣದ ಕೆಳಗೆ ಬರುವಾಗ ಎಡಗೈ ಹೆಬ್ಬೆರಳಲ್ಲಿ ರಿಂಗನ್ನು ನಿಧಾನಕ್ಕೆ ತೆರೆಯುತ್ತಾ ಬರಬೇಕು. ಒಳಗಿನ ಮುಖ್ಯ ಲೈಟು ತಲುಪುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ಸಾಲದಿದ್ದುದನ್ನು ಐಎಸ್‌ಒ ಆಟೋ ತುಂಬಲಿ. ಹೌದು, ಇಲ್ಲಿ ಮಾತ್ರ ಆಟೋ ಬಿಡುತ್ತೇನೆ, ಮೇಲಿನ ಮಿತಿ 6400 ಅಂತ ಕಟ್ಟಿಹಾಕಿ. ಜನರ ನೂಕುನುಗ್ಗಲಲ್ಲಿ, ವಾಲಗದ ಸದ್ದಲ್ಲಿ, ಹಿಂದಕ್ಕೆ ನಡೆಯುವವನಿಗೆ ಡಯಲ್ ನೋಡುವ ಪುರಸೊತ್ತು ಇರುವುದಿಲ್ಲ. ದಿಬ್ಬಣದ ಗದ್ದಲದಲ್ಲಿ ಬೆಳಕು ಸ್ವಲ್ಪ ಅಲುಗಿದರೂ ಕಣ್ಣಿಗೆ ಅಷ್ಟು ಬೀಳುವುದಿಲ್ಲ. ತಾಳಿಯ ಶಾಟಲ್ಲಿ ಬೀಳುತ್ತದೆ.

ಇನ್ನು ಆರತಕ್ಷತೆಯ ಸ್ಟೇಜು. ಈಗ ಎಲ್ಲಾ ಕಡೆ ಹಿಂದೆ ಎಲ್‌ಇಡಿ ವಾಲ್, ಮೇಲೆ ಬಣ್ಣದ ಪಾರ್ ಲೈಟು. ಇವು ಮಿನುಗುವುದು ಮನೆ ಕರೆಂಟಿನ ಲೆಕ್ಕದಲ್ಲಿ ಅಲ್ಲ, ಒಳಗಿನ ಸರ್ಕ್ಯೂಟಿನ ಲೆಕ್ಕದಲ್ಲಿ. ಡಿಮ್ ಮಾಡಿದಷ್ಟೂ ಮಿನುಗು ಜಾಸ್ತಿ. ಕೆಲವು ಕ್ಯಾಮೆರಾಗಳಲ್ಲಿ ಶಟರನ್ನು 50.2, 50.5 ಅಂತ ಸಣ್ಣ ಸಣ್ಣದಾಗಿ ಸರಿಸುವ ಸೌಲಭ್ಯ ಇರುತ್ತದೆ. ಸ್ಕ್ರೀನ್ ನೋಡುತ್ತಾ ಸರಿಸಿ, ಪಟ್ಟಿ ನಿಂತ ಕಡೆ ನಿಲ್ಲಿಸಿ. ಆ ಸೌಲಭ್ಯ ಇಲ್ಲದವರು ಸಂಜೆ ಜನ ಬರುವ ಮೊದಲೇ ಲೈಟಿಂಗ್‌ನವನನ್ನು ಹಿಡಿದು ಮಾತಾಡಿಕೊಳ್ಳಬೇಕು. ನಾನು ಕೇಳುವುದು ಇಷ್ಟೇ: ‘ಡಿಮ್ ಮಾಡ್ಬೇಡಪ್ಪಾ, ಫುಲ್ ಇಟ್ಟು ಎರಡಡಿ ಹಿಂದಕ್ಕೆ ಸರಿಸು.’ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದವರಿಗೆ ಊಟದ ಹಾಲ್‌ನಿಂದ ಒಂದು ಕಾಫಿ ತರಿಸಿಕೊಟ್ಟು ಇನ್ನೊಂದು ಸಲ ಕೇಳುತ್ತೇನೆ.