ಮೊಣಕಾಲಿನ ಸಿಮೆಂಟಿಗೂ ನೀರು ಹಾಕ್ಬೇಕಾ?

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ಟೆಕ್ನಿಷಿಯನ್. ಸಂಜೆ ಕುಂಬಳೆಯಲ್ಲಿ ರೈಲು ಇಳಿದರೆ ಸಾಕು, ಯಾರಾದರೂ ಹಿಡಿದು ನಿಲ್ಲಿಸುತ್ತಾರೆ. "ಅಲ್ಲ ಮಾರಾಯ್ರೆ, ಕೀಲು ಬದಲಿಸುವಾಗ ಸಿಮೆಂಟ್ ಹಾಕ್ತಾರಂತಲ್ಲ, ಅದು ಲೋಹಕ್ಕೆ ಅಂಟುವುದು ಹೇಗೆ?" ಮೊನ್ನೆ ದೊಡ್ಡಮ್ಮ ಇನ್ನೊಂದು ಸೇರಿಸಿದರು: "ಏಳು ದಿನ ನೀರು ಹಾಕ್ಬೇಕಾ ಮಗಾ?"

ನೀರು ಬೇಡ. ಅದಕ್ಕೆ ಸಿಮೆಂಟ್ ಅಂತ ಹೆಸರಿಟ್ಟದ್ದೇ ಎಡವಟ್ಟು. ಅದು ಅಕ್ರಿಲಿಕ್, ಹಲ್ಲಿನ ಸೆಟ್ ಮಾಡುವ ಜಾತಿಯದ್ದು. 1950ರ ದಶಕದ ಕೊನೆಗೆ ಇಂಗ್ಲೆಂಡಿನ ಮೂಳೆ ಡಾಕ್ಟರ್ ಜಾನ್ ಚಾರ್ನ್ಲಿ ಅದನ್ನು ಸೊಂಟದ ಕೀಲಿಗೆ ಬಳಸಿದರು. ಸಾಮಾನ್ಯವಾಗಿ 40 ಗ್ರಾಂ ಪುಡಿಗೆ 20 ಮಿ.ಲೀ. ದ್ರವ. ಕಲಸಿದಾಗ ದೋಸೆಹಿಟ್ಟು, ಸ್ವಲ್ಪ ಹೊತ್ತಿಗೆ ಚಪಾತಿಹಿಟ್ಟು, ಹತ್ತು ಹದಿನೈದು ನಿಮಿಷಕ್ಕೆ ಕಲ್ಲು. ಗಟ್ಟಿಯಾಗುವಾಗ ಬಿಸಿಯೂ ಏರುತ್ತದೆ.

ಆದರೆ ಇದು ಗೋಂದು ಅಲ್ಲ. ನಮ್ಮ ಮುರಕಲ್ಲಿನ ಗೋಡೆ ನೋಡಿ. ಗಾರೆ ಕಲ್ಲಿನ ತೂತುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಮೂಳೆಯ ಒಳಭಾಗವೂ ಮುರಕಲ್ಲಿನ ಹಾಗೇ ತೂತು ತೂತು. ಸಿಮೆಂಟು ಅದರೊಳಗೆ ಕೆಲವು ಮಿಲಿಮೀಟರ್ ಇಳಿಯುತ್ತದೆ. ಲೋಹದ ಕಡೆಯೂ ಅದೇ ಲೆಕ್ಕ. ಮೊಣಕಾಲಿಗೆ ಕೂರಿಸುವ ಲೋಹದ ತಟ್ಟೆಯ ಅಡಿಭಾಗವನ್ನು ಒರಟು ಮಾಡಿರುತ್ತಾರೆ, ಆ ಒರಟನ್ನೇ ಸಿಮೆಂಟು ಹಿಡಿಯುವುದು.

ಕೆಲಸ ಕೆಡಿಸುವುದು ಜಿಡ್ಡು. ಹಲಸಿನಹಣ್ಣು ಬಿಡಿಸುವಾಗ ಮೇಣ ಅಂಟಬಾರದು ಅಂತ ಕೈಗೆ ತೆಂಗಿನೆಣ್ಣೆ ಹಚ್ಚುತ್ತೇವಲ್ಲ? ಮೂಳೆಯೊಳಗಿನ ಕೊಬ್ಬು ಲೋಹಕ್ಕೆ ತಾಗಿದರೆ ಅದೇ ಕತೆ. ಹಾಗಾಗಿ ಮೂಳೆಯನ್ನು ನೀರಿನ ರಭಸದಲ್ಲಿ ತೊಳೆದು ಒಣಗಿಸುತ್ತಾರೆ. ಸಿಮೆಂಟು ಇನ್ನೂ ಅಂಟಂಟು ಇರುವಾಗಲೇ ಲೋಹಕ್ಕೆ ಒಂದು ಪದರ ಬಳಿಯುವುದೂ ಒಳ್ಳೆಯದು. ತಡವಾಗಿ ಬಳಿದರೆ ಹಿಡಿತ ಕಡಿಮೆ. ಸೆಖೆಗೆ ಇದು ಬೇಗ ಗಟ್ಟಿಯಾಗುತ್ತದೆ. ಥಿಯೇಟರಿನ ಏಸಿ ಸುಮ್ನೆ ಡಾಕ್ಟರ ಸುಖಕ್ಕೆ ಅಂತ ತಿಳ್ಕೊಂಡವರಿಗೆ ಇದನ್ನು ಹೇಳ್ತೇನೆ.

ಹಾಗಾದರೆ ಒರಟು ಜಾಸ್ತಿ ಆದಷ್ಟೂ ಒಳ್ಳೆಯದು, ಅಲ್ವಾ? ಸೊಂಟದಲ್ಲಿ ಹಾಗಾಗಲಿಲ್ಲ. ತೊಡೆಮೂಳೆಯೊಳಗೆ ಇಳಿಸುವ ಎಕ್ಸೆಟರ್ ಎಂಬ ಲೋಹದ ದಂಡು 1970ರಲ್ಲಿ ನುಣುಪಾಗಿಯೇ ಬಂತು. 1976ರಲ್ಲಿ ಅದರ ಹೊಳಪು ತೆಗೆದು ಸ್ವಲ್ಪ ಒರಟು ಮಾಡಿದರು. ಸಡಿಲವಾಗುವುದು ಹೆಚ್ಚಿತು. 1986ರಲ್ಲಿ ಪುನಃ ನುಣುಪು. ನುಣುಪಾದ ದಂಡು ಸಿಮೆಂಟಿಗೆ ಅಂಟುವುದೇ ಇಲ್ಲ. ಕೆಳಗೆ ಸಪೂರ ಇರುವುದರಿಂದ ಮೈಭಾರಕ್ಕೆ ಒಂಚೂರು ಇಳಿದು, ಬೆಣೆ ಬಡಿದ ಹಾಗೆ ಬಿಗಿಯಾಗುತ್ತದೆ. ಒರಟು ದಂಡು ಒಮ್ಮೆ ಬಿಟ್ಟುಕೊಂಡರೆ ಅರದ ಹಾಗೆ ಸಿಮೆಂಟನ್ನು ಉಜ್ಜಿ ಪುಡಿ ಮಾಡುತ್ತದೆ. ಅಂಟದಿರುವುದೇ ಗುಣವಾದದ್ದು ನನಗಂತೂ ಈಗಲೂ ಸೋಜಿಗ.

ದೊಡ್ಡಮ್ಮನಿಗೆ ಹಲಸಿನ ಮೇಣದ ಮಾತು ಕೂಡಲೇ ಹಿಡಿಯಿತು. "ಹಾಗಾದ್ರೆ ಮೊಣಕಾಲಿಗೆ ಎಣ್ಣೆ ತಿಕ್ಕುವ ಹಾಗಿಲ್ವಾ?" ಅಂದರು. ಹೊರಗೆ ತಿಕ್ಕಿದ್ದು ಒಳಗೆ ಸಿಮೆಂಟಿನವರೆಗೆ ಹೋಗುವುದಿಲ್ಲ ದೊಡ್ಡಮ್ಮ, ಗಾಯ ಪೂರ್ತಿ ಒಣಗಲಿ, ಡಾಕ್ಟರ ಹತ್ತಿರ ಒಂದು ಮಾತು ಕೇಳಿ ತಿಕ್ಕಿ ಅಂದೆ.