ಚಿಮಣಿ ಎಣ್ಣೆ ದೋಣಿ: ಐದನೇ ತಿಂಗಳ ಲೆಕ್ಕ

ದೋಣಿ ಕಡೆಗೂ ನೀರಿಗೆ ಇಳಿಯಿತು. ಮುಳುಗಲಿಲ್ಲ, ಸುಡಲಿಲ್ಲ. ಎಂಜಿನ್ ಮಾತ್ರ ಈಗ ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಕಟ್ಟುತ್ತಿರುವುದು 1.4 ಮೀಟರ್ ಉದ್ದದ ರಿಮೋಟ್ ದೋಣಿ. ಅದಕ್ಕೆ ಪ್ರೊಪೆಲ್ಲರ್ ಇಲ್ಲ. ಬೆನ್ನ ಮೇಲೆ ಒಂದು ಪುಟ್ಟ ಜೆಟ್ ಟರ್ಬೈನ್ ಇದೆ. ಅದು ಹಿಂದಕ್ಕೆ ಬಿಸಿಗಾಳಿ ತಳ್ಳುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಹೈದರಾಬಾದಿನಲ್ಲಿ ಮಾಡೆಲ್ ವಿಮಾನ ಹಾರಿಸುವ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದೆ. ಬೆಲೆ ಎಷ್ಟು ಅಂತ ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ಈ ಹುಚ್ಚು ಯಾಕೆ ಅಂತ ಕೇಳಿದರೆ ಬೀದರ್ ಅಂತ ಹೇಳುತ್ತೇನೆ. ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ಇಲ್ಲೇ ಶುರುವಾಗಿದ್ದು. ನಾವು ಲೆಕ್ಕದ ಪೀರಿಯಡ್‌ನಲ್ಲಿ ಕಿಟಕಿಯಾಚೆ ಕಿರಣ್ ವಿಮಾನ ಎಣಿಸುತ್ತಾ ಬೆಳೆದವರು. ಆ ಕಿರಣ್ ಮಾರ್ಕ್ 2 ವಿಮಾನದ ಎಂಜಿನ್ ಹೆಸರು ಆರ್ಫಿಯಸ್. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ನೀರಿನ ಮೇಲೆ ವೇಗದ ದಾಖಲೆ ಮಾಡುತ್ತಿದ್ದ ಬ್ರಿಟನ್ನಿನ ಡೊನಾಲ್ಡ್ ಕ್ಯಾಂಪ್‌ಬೆಲ್ ತಮ್ಮ ಬ್ಲೂಬರ್ಡ್ ಕೆ7 ದೋಣಿಗೆ 1966ರಲ್ಲಿ ಕೂರಿಸಿದ್ದೂ ಆರ್ಫಿಯಸ್ಸೇ. ನಮ್ಮ ತಲೆ ಮೇಲೆ ಕಿರುಚಿಕೊಂಡು ಹೋಗುತ್ತಿದ್ದ ಎಂಜಿನ್ ಒಂದು ಕಾಲದಲ್ಲಿ ನೀರಿನ ಮೇಲೂ ಓಡಿತ್ತು! ಅವತ್ತೇ ನನ್ನ ಕೆಲಸ ಕೆಟ್ಟಿತು.

ನವೆಂಬರ್, ಡಿಸೆಂಬರ್

ಮೈಕಟ್ಟು ಮುಗಿಯಿತು. 3 ಎಂಎಂ ಪ್ಲೈವುಡ್, ಮೇಲೆ ಫೈಬರ್‌ಗ್ಲಾಸ್. ಮುಂದೆ ಎರಡು, ಹಿಂದೆ ಒಂದು, ಹೀಗೆ ಮೂರೇ ಕಡೆ ನೀರು ಮುಟ್ಟುವ ವಿನ್ಯಾಸ. ಉಜ್ಜಿದ್ದೇ ಉಜ್ಜಿದ್ದು, ಬರೆಯುವಂಥದ್ದೇನಿಲ್ಲ. ಬೇಜಾರಾದಾಗ ಕೆನ್ ವಾರ್ಬಿಯನ್ನು ನೆನೆಸಿಕೊಳ್ಳುತ್ತಿದ್ದೆ. ಆತ ಸಿಡ್ನಿಯ ಮನೆ ಹಿತ್ತಲಲ್ಲಿ ಮರದ ದೋಣಿ ಕಟ್ಟಿ, ವಾಯುಪಡೆ ಮಾರಿದ ಹಳೇ ಜೆಟ್ ಎಂಜಿನ್ ಹಾಕಿ, 1978ರ ಅಕ್ಟೋಬರ್ 8ರಂದು ಗಂಟೆಗೆ 511 ಕಿ.ಮೀ. ಓಡಿಸಿದರು. ನೀರಿನ ಮೇಲಿನ ವೇಗದ ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ. ನನಗೆ 100 ಸಾಕು.

ಜನವರಿ

ಪೂರ್ತಿ ತಿಂಗಳು ಶಾಖದ ಜೊತೆ ಗುದ್ದಾಟ. ಎಂಜಿನ್ ಬಾಲದಲ್ಲಿ 600 ಡಿಗ್ರಿ ತನಕ ಬಿಸಿ ಬರುತ್ತದೆ. ಅದರ ಕೆಳಗೇ ಪ್ಲೈವುಡ್. ನಡುವೆ ಸ್ಟೀಲ್ ತಗಡು, ತಗಡಿಗೂ ಮರಕ್ಕೂ ಮಧ್ಯೆ ಗಾಳಿ ಓಡಾಡಲು ಎರಡು ಬೆರಳು ಜಾಗ ಬಿಟ್ಟೆ. ಪಕ್ಕದ ಓಣಿಯ ಬಿದ್ರಿ ಕೆಲಸದ ಚಾಚಾ ನೋಡಿ, "ಬಾಲಕ್ಕ ಬಿದ್ರಿ ಹೂ ಕೆತ್ತಿ ಕೊಡ್ತೀನಿ, ಚಂದ ಕಾಣ್ತದ" ಅಂದರು. ಆಸೆಯೇನೋ ಆಯಿತು. ಆದರೆ ಬಿದ್ರಿಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಸತು. ಸತು ಕರಗುವುದು 419 ಡಿಗ್ರಿಗೆ. ಮೊದಲನೇ ಓಟಕ್ಕೇ ಹೂವೆಲ್ಲ ನೀರಿನ ಪಾಲು. ಮೂತಿಯ ಮೇಲೆ ಒಂದು ಚಿಕ್ಕ ಬಳ್ಳಿ ಮಾಡಿಸಿಕೊಂಡಿದ್ದೇನೆ.

ಆಮೇಲೆ ಎಣ್ಣೆ. ಸೀಮೆಎಣ್ಣೆ, ಅಂದರೆ ನಮ್ಮ ಕಡೆಯ ಚಿಮಣಿ ಎಣ್ಣೆ, ಇದ್ದರೆ ಒಳ್ಳೆಯದು. ಆದರೆ ರೇಷನ್ನಿನ ನೀಲಿ ಎಣ್ಣೆಯನ್ನು ಇದಕ್ಕೆ ಸುರಿಯೋದು ತಪ್ಪು. ಹಾಗಾಗಿ ಡೀಸೆಲ್, ಅದರಲ್ಲಿ ನೂರಕ್ಕೆ ಐದು ಪಾಲು ಟರ್ಬೈನ್ ಆಯಿಲ್. ಬೇರಿಂಗ್‌ಗೆ ಬೇರೆ ಎಣ್ಣೆ ಇಲ್ಲ, ಇದೇ ಮಿಶ್ರಣ ಅದನ್ನೂ ನೆನೆಸಬೇಕು. ನಾನು ಎಷ್ಟೇ ಡೀಸೆಲ್ ಅಂದರೂ ಮಾಮಾನ ಬಾಯಲ್ಲಿ ಇದು ಚಿಮಣಿ ಎಣ್ಣೆ ದೋಣಿಯೇ.

ಬೀದರಿನ ಜನವರಿ ಚಳಿಗೆ ಡೀಸೆಲ್ ಸುಲಭವಾಗಿ ಹೊತ್ತಲಿಲ್ಲ. ನನ್ನದು ಹಳೇ ಮಾಡೆಲ್. ಮೊದಲು ಸಣ್ಣ ಗ್ಯಾಸ್ ಡಬ್ಬಿಯಿಂದ ಹೊತ್ತಿಸಿ, ಬಿಸಿಯಾದ ಮೇಲೆ ಎಣ್ಣೆ ಬಿಡಬೇಕು. ಮೂರು ಸಲ ಹೊತ್ತಲಿಲ್ಲ. ಮೂರು ಸಲದ ಎಣ್ಣೆಯೂ ಹೊಟ್ಟೆಯಲ್ಲೇ ನಿಂತಿತ್ತು. ಬಾಲ ಕೆಳಗೆ ಮಾಡಿ ಬಸಿಯಬೇಕಿತ್ತು, ಬಸಿಯಲಿಲ್ಲ. ನಾಲ್ಕನೇ ಸಲ ಹೊತ್ತಿತು ನೋಡಿ! ಹಿಂದಿನಿಂದ ಒಂದು ಮೀಟರ್ ಉದ್ದದ ಹಳದಿ ಜ್ವಾಲೆ. ತಂತಿ ಮೇಲೆ ಒಣಗಲು ಹಾಕಿದ್ದ ನನ್ನ ಟವೆಲ್ ಹೋಯಿತು. ಗ್ಯಾಸ್ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇತ್ತು, ಬಚಾವಾದೆ. ಪುಡಿ ಸಿಲಿಂಡರ್ ಬೇಡ, ಆ ಪುಡಿ ಎಂಜಿನ್ ಒಳಗೆ ಹೋದರೆ ಬೆಂಕಿಗಿಂತ ಕಡೆ.

ಇಷ್ಟು ಸದ್ದಾದರೂ ಓಣಿಯಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ಬೀದರಿನಲ್ಲಿ ಜೆಟ್ ಸದ್ದಿಗೆ ಯಾರು ತಲೆ ಎತ್ತುತ್ತಾರೆ?

ಫೆಬ್ರುವರಿ: ಕೆರೆ

ಭಾಲ್ಕಿ ಕಡೆ ಮಾಮಾನ ಊರಿನ ಕೆರೆ. ಬೆಳಗ್ಗೆ ಏಳಕ್ಕೇ ಹೋದೆವು. ಎಮ್ಮೆಗಳು ಬರುವ ಮೊದಲು ಮುಗಿಸಬೇಕು ಅಂತ ಮಾಮಾ ಮೊದಲೇ ಕರಾರು ಹಾಕಿದ್ದ. ದೋಣಿ ನೋಡಿ ಕೇಳಿದ: "ಅಳಿಯಾ, ಇದು ನೀರಾಗ ಹೋಗ್ತದೋ, ಮ್ಯಾಲ ಹಾರ್ತದೋ?" ತಮಾಷೆಗೆ ಕೇಳಿದ್ದು. ನನಗೂ ಅದೇ ಭಯ.

ಸ್ಟಾರ್ಟರ್ ಗುಂಯ್ ಅಂದಿತು. ಗ್ಯಾಸ್ ಟಪ್ ಅಂತ ಹೊತ್ತಿತು. ಆಮೇಲೆ ಆ ಸದ್ದು, ಸಣ್ಣಗೆ ಶುರುವಾಗಿ ಹಲ್ಲಿಗೆ ತಾಗುವ ತನಕ ಏರುವ ಸದ್ದು. ಸುಮ್ಮನೆ ನಿಂತಾಗಲೇ ನಿಮಿಷಕ್ಕೆ 45,000 ಸುತ್ತು. ಕೈ ಬಿಟ್ಟೆ. ಥ್ರಾಟಲ್ ಮುಟ್ಟೇ ಇಲ್ಲ, ದೋಣಿ ತಾನಾಗಿಯೇ ಹೊರಟಿತು! ಟರ್ಬೈನ್‌ಗೆ ನ್ಯೂಟ್ರಲ್ ಇಲ್ಲ, ಬ್ರೇಕ್ ಇಲ್ಲ, ರಿವರ್ಸ್ ಇಲ್ಲ. ದಡಕ್ಕೆ ತರಬೇಕಾದರೆ ಎಂಜಿನ್ ಆಫ್ ಮಾಡಿ ಕಾಯಬೇಕು.

ಫುಲ್ ಥ್ರಾಟಲ್ ಕೊಟ್ಟೆ. ಒಂದು, ಎರಡು, ಮೂರು, ನಾಲ್ಕು ಸೆಕೆಂಡ್ ಏನೂ ಇಲ್ಲ. ಆಮೇಲೆ ಮೂತಿ ಇಳಿಸಿ ಬಿಟ್ಟ ಬಾಣದ ಹಾಗೆ ಹೋಯಿತು. ಜಿಪಿಎಸ್‌ನಲ್ಲಿ ಆಮೇಲೆ ನೋಡಿದರೆ ಗಂಟೆಗೆ 71 ಕಿ.ಮೀ. ಕಷ್ಟ ಏನು ಗೊತ್ತಾ? ಆ ಕೆರೆಯಲ್ಲಿ ನನಗೆ ಸಿಗುವ ನೇರ ಜಾಗ 180 ಮೀಟರ್. 71ರ ವೇಗಕ್ಕೆ ಅದು ಒಂಬತ್ತು ಸೆಕೆಂಡ್. ಎಂಜಿನ್ ಎಚ್ಚರವಾಗುವಷ್ಟರಲ್ಲಿ ಆಚೆ ದಡ ಬಂದುಬಿಡುತ್ತದೆ.

ಎರಡನೇ ಓಟಕ್ಕೆ ಮುಂಚೆ ಐದು ನಿಮಿಷ ಕಾದೆ. ಅಲೆ ಹೋಗಿ ಒಡ್ಡಿಗೆ ಬಡಿದು ವಾಪಸ್ ಬರುತ್ತಿತ್ತು. ಕ್ಯಾಂಪ್‌ಬೆಲ್ 1967ರ ಜನವರಿ 4ರಂದು ಕಾನಿಸ್ಟನ್ ಸರೋವರದಲ್ಲಿ ಮೊದಲ ಓಟದ ಅಲೆ ತಣ್ಣಗಾಗುವ ಮುಂಚೆಯೇ ತಿರುಗಿ ಹೊರಟಿದ್ದರು. ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಮೂತಿ ಎದ್ದು ದೋಣಿ ಪಲ್ಟಿ ಹೊಡೆಯಿತು. ಅವರು ಉಳಿಯಲಿಲ್ಲ. ನನ್ನದು ಆಟಿಕೆ, ಆದರೂ ಮೂತಿ ಎದ್ದರೆ ಕಾದ ಎಂಜಿನ್ ತಣ್ಣೀರಿಗೆ ಬೀಳುತ್ತದೆ. ಕಾದ ಬಾಣಲೆಗೆ ನೀರು ಸುರಿದ ಹಾಗೆ.

ಕಾದರೂ ಮೂರನೇ ಓಟದ ತಿರುವಿನಲ್ಲಿ ನೀರು ಸಿಡಿದು ಗಾಳಿ ಬಾಯಿಗೆ ಹೋಯಿತು. ಪುಸ್ ಅಂತ ಆರಿತು. ಮಾಮಾನ ಮಗ ಟ್ರ್ಯಾಕ್ಟರ್ ಟ್ಯೂಬ್ ಮೇಲೆ ಕೂತು ತಂದ. ಅಷ್ಟರಲ್ಲಿ ಎಮ್ಮೆಗಳು ಬಂದಿದ್ದವು. ಸದ್ದು ಕೇಳಿ ಅರ್ಧ ದಾರಿಗೇ ತಿರುಗಿ ಹೋದವಂತೆ. ಆ ವಿಷಯ ಊರಲ್ಲಿ ಇನ್ನೂ ತಣ್ಣಗಾಗಿಲ್ಲ.

ಹಾಗಾದರೆ ಲಾಭ ಏನು?

ತೂಕ. 850 ಗ್ರಾಂ ಎಂಜಿನ್ ಆರು ಕಿಲೋ ನೂಕುತ್ತದೆ. ದೊಡ್ಡ ದೋಣಿಯವರು ಟರ್ಬೈನ್‌ಗೆ ಬೀಳುವುದೂ ಇದಕ್ಕೇ. ಅವರು ಹಾಕುವುದು ಹೆಲಿಕಾಪ್ಟರಿನ ಲೈಕಮಿಂಗ್ ಟಿ-53, ಟಿ-55. ಟಿ-53 ಸುಮಾರು 250 ಕಿಲೋ ತೂಗಿ 1,400 ಹಾರ್ಸ್‌ಪವರ್ ಕೊಡುತ್ತದೆ. ಅಷ್ಟು ಶಕ್ತಿಯ ಪಿಸ್ಟನ್ ಎಂಜಿನ್ ದುಪ್ಪಟ್ಟಿಗಿಂತ ಜಾಸ್ತಿ ತೂಗುತ್ತದೆ, ರೇಸ್‌ನಲ್ಲಿ ಪದೇ ಪದೇ ಬಿಚ್ಚಲೂಬೇಕು. ಟಿ-55 ಅಂದರೆ ಚಿನೂಕ್ ಹೆಲಿಕಾಪ್ಟರಿನದು, 2019ರಲ್ಲಿ ನಮ್ಮ ವಾಯುಪಡೆಗೆ ಬಂತಲ್ಲ, ಅದರ ಮನೆತನ. ಆದರೆ ಅವರದು ಶಾಫ್ಟಿಗೆ ಪ್ರೊಪೆಲ್ಲರ್. ಅಲೆ ಮೇಲೆ ಹಾರಿ ಪ್ರೊಪೆಲ್ಲರ್ ನೀರಿನಿಂದ ಹೊರಗೆ ಬಂದರೆ ಭಾರ ಇಲ್ಲದೆ ಟರ್ಬೈನ್ ಹುಚ್ಚೆದ್ದು ತಿರುಗುತ್ತದೆ. ಆ ತಲೆನೋವು ನನಗಿಲ್ಲ.

ಇನ್ನೊಂದು ಲಾಭ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ: ಜೊಂಡು. ಹಳೇ ಬ್ಯಾಟರಿ ದೋಣಿಯ ಪ್ರೊಪೆಲ್ಲರ್‌ಗೆ ಈ ಕೆರೆಯ ಪಾಚಿ ಸುತ್ತಿಕೊಂಡು ಪ್ರತಿ ಸಲ ನಿಲ್ಲುತ್ತಿತ್ತು. ಇದಕ್ಕೆ ನೀರೊಳಗೆ ಚುಕ್ಕಾಣಿ ಬಿಟ್ಟರೆ ಏನೂ ಇಲ್ಲ. ಪಾಚಿ ಮೇಲೆ ಸುಮ್ನೆ ಜಾರಿಕೊಂಡು ಹೋಯಿತು.

ಖರ್ಚು ಕೇಳಬೇಡಿ. ನಿಂತಲ್ಲೇ ನಿಮಿಷಕ್ಕೆ 75 ಮಿಲಿ ಕುಡಿಯುತ್ತದೆ, ಫುಲ್ ಥ್ರಾಟಲ್‌ನಲ್ಲಿ 210. ಐದು ತಿಂಗಳಲ್ಲಿ ಎಂಜಿನ್ ಓಡಿದ್ದು ಒಟ್ಟು 48 ನಿಮಿಷ. ನಾನು ಅದರ ಜೊತೆ ಕೂತ ಭಾನುವಾರಗಳು ಹತ್ತೊಂಬತ್ತು. ಬ್ಯಾಟರಿ ದೋಣಿಯಾದರೆ ಸ್ವಿಚ್ ಒತ್ತಿದರೆ ಆಯಿತು, ವೇಗವೂ ಇದಕ್ಕೇನು ಕಡಿಮೆ ಇಲ್ಲ. ಒಂದೇ ದೋಣಿ ಇಟ್ಟುಕೊಳ್ಳುವವರಿಗೆ ಟರ್ಬೈನ್ ಬೇಡ ಅಂತಲೇ ಹೇಳುತ್ತೇನೆ. ನಾನು ಮಾರುವುದಿಲ್ಲ, ಅದು ಬೇರೆ ಮಾತು.

ಈಗ

ಕಾರಂಜಾ ಅಣೆಕಟ್ಟಿನ ಹಿನ್ನೀರಿನಲ್ಲಿ ಜಾಗ ಬೇಕಾದಷ್ಟಿದೆ. ಅನುಮತಿಗೆ ಅರ್ಜಿ ಬರೆದಿಟ್ಟಿದ್ದೇನೆ. ಗಾಳಿ ಬಾಯಿಗೆ ಇಳಿಜಾರು ಮುಚ್ಚಳ, ಜಾಲರಿ ಹಾಕಬೇಕು.

ಆದರೆ ಅದಕ್ಕೂ ಮುಂಚೆ ಬೇರಿಂಗ್. ಮೊದಲು ಆಫ್ ಮಾಡಿದ ಮೇಲೆ ಚಕ್ರ ತಾನಾಗಿ ನಿಲ್ಲಲು 20 ಸೆಕೆಂಡ್ ಬೇಕಿತ್ತು. ಕೆರೆಯಿಂದ ಬಂದ ಮೇಲೆ ಎಣಿಸಿದರೆ 13. ಕಿವಿ ಹತ್ತಿರ ಇಟ್ಟು ಬೆರಳಲ್ಲಿ ಮೆಲ್ಲಗೆ ತಿರುಗಿಸಿದೆ. ಜೋಳದ ಹಿಟ್ಟಿನಲ್ಲಿ ಸಣ್ಣ ಮರಳು ಸಿಕ್ಕ ಹಾಗೆ ಕಿರ್ ಅಂದಿತು. ಒಡ್ಡಿನ ಕೆಂಪು ಧೂಳು ಇರಬೇಕು. ಹೊಸ ಬೇರಿಂಗ್ ಎರಡಕ್ಕೆ ಆರ್ಡರ್ ಹಾಕಿದ್ದೇನೆ. ಆ ಬೆಲೆಯನ್ನೂ ಮನೆಯಲ್ಲಿ ಹೇಳಿಲ್ಲ.